‘ಹಾಡಿ ಮನೆಗೆ ಹತ್ತು ಎಕರೆ ಕಾಡು’: ಸತ್ಯಾಂಶ

ಮಳೆ ಹಿಡಿದು ತೋಟದ ಕೆಲಸ ನಿಂತರೆ ಸಾಕು, ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಆ ಹಳೇ ಮೆಸೇಜ್ ಮತ್ತೆ ಓಡಾಡುತ್ತದೆ. ಹಾಡಿಯ, ಅಂದರೆ ಕಾಡಿನ ಬುಡಕಟ್ಟು ಜನರ ಕೇರಿಯ, ಪ್ರತಿ ಮನೆಗೂ ಹತ್ತು ಎಕರೆ ಕಾಡು ಸಿಗುತ್ತದಂತೆ, ನಾಳೆ ಅದು ರೆಸಾರ್ಟ್ ಪಾಲಂತೆ. ಕಾಡಿನ ಮೇಲಿನ ಕಾಳಜಿಯಿಂದಲೇ ಕಳಿಸುವವರು ಜಾಸ್ತಿ. ಆದರೆ ವಿಷಯ ಹಾಗಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ, ಮೇಲ್ಮಿತಿ ಮಾತ್ರ. 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಬದುಕುತ್ತಿರುವ, ಉಳುತ್ತಿರುವ ಜಾಗಕ್ಕಷ್ಟೇ ಹಕ್ಕು. ಅರ್ಧ ಎಕರೆ ಉಳುತ್ತಿದ್ದರೆ ಅರ್ಧ ಎಕರೆಯೇ. ಅದು ಮಕ್ಕಳಿಗೆ ಬರುತ್ತದೆ, ಆದರೆ ಮಾರುವಂತಿಲ್ಲ. ಮಾರಲಾಗದ ಜಾಗಕ್ಕೆ ರೆಸಾರ್ಟ್‌ನವರು ಯಾಕೆ ಬರ್ತಾರೆ, ಅಲ್ವಾ?

ಜೇನು, ಸೀಗೆಕಾಯಿ ಸಂಗ್ರಹಿಸಿ ಮಾರುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಜೊತೆಗೆ ಕಾಡು, ಪ್ರಾಣಿ, ನೀರಿನ ಮೂಲ ಕಾಯುವ ಅಧಿಕಾರ ಗ್ರಾಮಸಭೆಗೂ ಇದೆ. ಇಲ್ಲಿನ ಬುಡಕಟ್ಟಾದ ಜೇನು ಕುರುಬರಿಗೆ ಹೀಗೆ ಕಾಡು ಕಾಯುವುದೇನು ಹೊಸದಲ್ಲ. ಜೇನಿನ ಎರಿ ಪೂರ್ತಿ ಕೀಳದೆ ಒಂದು ಪಾಲು ಹುಳುಗಳಿಗೇ ಬಿಡುವ ರೂಢಿ ಅವರಲ್ಲಿದೆ.

ಇಂಥ ಮೆಸೇಜ್ ಬಂದರೆ ಕಾಯ್ದೆಯ ಹೆಸರು, ಸೆಕ್ಷನ್ ಇದೆಯಾ ನೋಡಿ. ಪೂರ್ತಿ ಕಾಯ್ದೆ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿದೆ. 4ನೇ ಸೆಕ್ಷನ್ ಓದಿದರೆ ಸಾಕು, ತಾರೀಕು, ಮಿತಿ, ಮಾರಾಟದ ನಿಷೇಧ ಮೂರೂ ಅಲ್ಲೇ ಇವೆ.