ಶಾಂತಿ ಮಾತುಕತೆಯಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಡಬೇಕೆ?

ಪರ

ಮಾತುಕತೆಗೆ ಕರೆ ಬರುವುದು ಬಂದೂಕು ಹಿಡಿದವರಿಗೆ. ಉಳಿದವರು ಬಾಗಿಲ ಹೊರಗೆ. 1992ರಿಂದ 2011ರವರೆಗಿನ 31 ಪ್ರಮುಖ ಶಾಂತಿ ಪ್ರಕ್ರಿಯೆಗಳನ್ನು ವಿಶ್ವಸಂಸ್ಥೆ ಲೆಕ್ಕಹಾಕಿದಾಗ ಸಂಧಾನಕಾರರಲ್ಲಿ ಮಹಿಳೆಯರು ಸಿಕ್ಕಿದ್ದು ಶೇ 9ರಷ್ಟು ಮಾತ್ರ. ಶಾಂತಿ ಪ್ರಕ್ರಿಯೆಗಳಲ್ಲಿ ಮಹಿಳೆಯರನ್ನೂ ಸೇರಿಸಿಕೊಳ್ಳಬೇಕೆಂಬ ಭದ್ರತಾ ಮಂಡಳಿಯ 1325ನೇ ನಿರ್ಣಯ 2000ದಲ್ಲೇ ಬಂದಿತ್ತು. ಆದರೆ ಎಷ್ಟು ಜನ ಇರಬೇಕೆಂದು ಅದು ಹೇಳುವುದಿಲ್ಲ, ಪಾಲಿಸದಿದ್ದರೆ ಕೇಳುವವರೂ ಇಲ್ಲ.

ನಿಯಮ ಬದಲಾದರೆ ಏನಾಗುತ್ತದೆ? ಉತ್ತರ ಐರ್ಲೆಂಡ್ ನೋಡಿ. 1996ರಲ್ಲಿ ಮಾತುಕತೆಯ ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸಿದರು. ಹೆಚ್ಚು ಮತ ಪಡೆದ ಮೊದಲ ಹತ್ತು ಪಕ್ಷಗಳಿಗೆ, ಕ್ಷೇತ್ರ ಗೆಲ್ಲದಿದ್ದರೂ, ತಲಾ ಎರಡು ಸ್ಥಾನ. ಆಗಷ್ಟೇ ಹುಟ್ಟಿದ್ದ ಮಹಿಳಾ ಒಕ್ಕೂಟ ಶೇ 1ರಷ್ಟು ಮತದಲ್ಲೇ ಒಳಗೆ ಬಂತು. 1998ರ ಒಪ್ಪಂದದಲ್ಲಿ ಸಂತ್ರಸ್ತರ ನೆರವು, ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎರಡೂ ಸಮುದಾಯದ ಮಕ್ಕಳು ಒಟ್ಟಿಗೆ ಕಲಿಯುವ ಶಾಲೆ, ಮಿಶ್ರ ವಸತಿ ಸೇರಿದ್ದರ ಹಿಂದೆ ಅವರ ಪಟ್ಟು ಇತ್ತು.

ಸಲಹಾ ಮಂಡಳಿ ಸಾಲದು. ಸಿರಿಯಾ ಮಾತುಕತೆಗೆ 2016ರಲ್ಲಿ ನೇಮಿಸಿದ ಮಹಿಳಾ ಮಂಡಳಿ ಸಲಹೆ ಕೊಡುತ್ತಿದ್ದುದು ವಿಶ್ವಸಂಸ್ಥೆಯ ರಾಯಭಾರಿಗೆ. ಕಾದಾಡುವವರ ಎದುರು ಅದಕ್ಕೆ ಕುರ್ಚಿಯಿರಲಿಲ್ಲ. ಮೀಸಲು ಬೇಕಿರುವುದು ನಿಯೋಗಗಳಲ್ಲಿ, ಅದರಲ್ಲೂ ನಿಶ್ಶಸ್ತ್ರೀಕರಣದಂಥ ಉಪಸಮಿತಿಗಳಲ್ಲಿ. ಬಂದೂಕು ಒಪ್ಪಿಸಿದವರಿಗಷ್ಟೇ ಪುನರ್ವಸತಿ ಎಂದು ಅಲ್ಲಿ ಒಂದು ಸಾಲು ಬರೆದರೆ ಸಾಕು, ಪಡೆಗೆ ಅಡುಗೆ ಮಾಡಿದ, ಹೊರೆ ಹೊತ್ತ ಹೆಣ್ಣುಮಕ್ಕಳು ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಸಿಯೆರಾ ಲಿಯೋನ್‌ನಲ್ಲಿ ಹೀಗೇ ಆಯಿತು.

ವಿರೋಧ

ಮಹಿಳೆಯರು ಬೇಡವೆಂದಲ್ಲ. ಕುರ್ಚಿ ಎಣಿಸಿದರೆ ಕೆಲಸ ಮುಗಿಯಿತು ಎಂಬ ನಂಬಿಕೆಗೆ ನನ್ನ ತಕರಾರು.

ಯೆಮೆನ್‌ನಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಸಂವಾದಕ್ಕೆ 565 ಪ್ರತಿನಿಧಿಗಳು, ಮಹಿಳೆಯರಿಗೆ ಶೇ 30 ಕೋಟಾ. ಆದರೆ ದೇಶವನ್ನು ಆರು ಪ್ರಾಂತ್ಯಗಳಾಗಿ ವಿಂಗಡಿಸುವ ತೀರ್ಮಾನ ಆದದ್ದು ಸಂವಾದ ಮುಗಿದ ಮೇಲೆ, ಅಧ್ಯಕ್ಷರೇ ನೇಮಿಸಿದ ಸಣ್ಣ ಸಮಿತಿಯಲ್ಲಿ. ಬಂಡುಕೋರ ಹೂಥಿಗಳು ಅದನ್ನು ಒಪ್ಪಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಸನಾ ಹೂಥಿಗಳ ಕೈಸೇರಿತು. ಅಫ್ಘಾನಿಸ್ತಾನದ್ದೂ ಅದೇ ಕತೆ. 2020ರ ಸೆಪ್ಟೆಂಬರ್‌ನಲ್ಲಿ ತಾಲಿಬಾನ್ ಜೊತೆ ಮಾತಿಗೆ ಕತಾರ್‌ನ ದೋಹಾಕ್ಕೆ ಬಂದ ಕಾಬೂಲ್ ಸರ್ಕಾರದ ತಂಡದಲ್ಲಿ ನಾಲ್ವರು ಮಹಿಳೆಯರಿದ್ದರು. ಅಮೆರಿಕದ ಸೇನೆ ಯಾವಾಗ ಹೊರಡಬೇಕೆಂಬುದು ಅದೇ ಊರಲ್ಲಿ ಫೆಬ್ರುವರಿಯಲ್ಲೇ, ಕಾಬೂಲ್ ಸರ್ಕಾರವನ್ನೇ ಹೊರಗಿಟ್ಟು, ತಾಲಿಬಾನ್ ಜೊತೆ ಇತ್ಯರ್ಥವಾಗಿತ್ತು. ಕೋಟಾ ತುಂಬಿದಷ್ಟೂ ಅಸಲಿ ಮಾತು ಪಕ್ಕದ ಕೋಣೆಗೆ ಜಾರುತ್ತದೆ.

ಹಿಡಿಯಬೇಕಾದ್ದು ಒಪ್ಪಂದದ ಕರಡನ್ನು. ಕೊಲಂಬಿಯಾ ಮಾತುಕತೆಯಲ್ಲಿ 2014ರಲ್ಲಿ ಸರ್ಕಾರ ಮತ್ತು ಬಂಡುಕೋರರು ಸೇರಿ ಲಿಂಗತ್ವ ಉಪಸಮಿತಿ ರಚಿಸಿ, ಅದಾಗಲೇ ಒಪ್ಪಿದ್ದ ಅಧ್ಯಾಯಗಳನ್ನೂ ಅದರ ಮುಂದಿಟ್ಟರು. ಭೂಸುಧಾರಣೆಯ ಭಾಗದಲ್ಲಿ ಹೆಂಗಸರ ಹೆಸರಿಗೆ ಜಮೀನು ಎಂಬ ಮಾತು ಸೇರಿದ್ದು ಹಾಗೆ.

ಸಹಿಯ ನಂತರದ ಪಾಡೇನು? ಉತ್ತರ ಐರ್ಲೆಂಡಿನಲ್ಲಿ ಮಹಿಳಾ ಒಕ್ಕೂಟ ಹಟ ಹಿಡಿದು ಬರೆಸಿದ ನಾಗರಿಕ ವೇದಿಕೆ, ಅಂದರೆ ಜನಸಂಘಟನೆಗಳ ಸಲಹಾ ಸಭೆ, 2002ರಲ್ಲಿ ಅಲ್ಲಿನ ಪ್ರಾಂತೀಯ ಸರ್ಕಾರದ ಜೊತೆಗೇ ಸ್ಥಗಿತಗೊಂಡಿತು. ಒಕ್ಕೂಟವೇ 2006ರಲ್ಲಿ ವಿಸರ್ಜನೆಯಾಯಿತು. 2007ರಲ್ಲಿ ಸರ್ಕಾರ ಮರಳಿತು, ವೇದಿಕೆ ಮರಳಲಿಲ್ಲ.