ಕೊನೆಗೆ ನೋಡ್ತೀವಿ ಅಂದರೆ ಯಾವಾಗ?

ಇವತ್ತು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡೂವರೆವರೆಗೆ ದಾವಣಗೆರೆಯ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಜೊತೆಗೆ ಒಬ್ಬರು ಅಕ್ಕ ಇದ್ದರು. ಯಾರು ಅಂತ ಕೇಳಬೇಡಿ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕ್ಯಾನ್ಸರ್ ಇದೆಯಾ ಅಂತ ನೋಡಲು ಅಕ್ಕನ ಗರ್ಭಕೋಶದ ಬಾಯಿಂದ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕಿತ್ತು. ಅಷ್ಟೇ ಕೆಲಸ. ಇದು ಮೂರನೇ ಸಲ ಹೋಗಿದ್ದು. ಫೈಲಿನ ಮೇಲೆ ಎಚ್‌ಐವಿ ಅಂತ ಬರೆದು ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ಅಕ್ಕ ಆ ಮಗ್ಗುಲನ್ನು ಎದೆಗೆ ಒತ್ತಿಕೊಂಡೇ ಕೂತಿದ್ದರು. ಕೇಳಿದಾಗಲೆಲ್ಲ ಒಂದೇ ಉತ್ತರ, 'ನಿಮ್ಮದು ಕೊನೆಗೆ ನೋಡ್ತೀವಿ.' ಕೊನೆಗೆ ಡಾಕ್ಟರ್ ಹೊರಟುಹೋದರು.

ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಅವರ ಮೈಯಿಂದ ಬೇಗ ಹೋಗುವುದಿಲ್ಲ, ಅದಕ್ಕೆ. ಅಂದಮೇಲೆ ಅವರನ್ನಲ್ವಾ ಮೊದಲು ನೋಡಬೇಕಾದ್ದು?

ಸಿಬ್ಬಂದಿಗೂ ಭಯ ಇರುತ್ತದೆ ಅಂತ ಒಬ್ಬ ಗೆಳೆಯ ಫೋನಲ್ಲಿ ಹೇಳಿದ. ಭಯ ಯಾಕೆ? ಗ್ಲೌಸ್, ಉಪಕರಣದ ಸೋಂಕು ತೆಗೆಯುವ ಯಂತ್ರ ಇವೆಲ್ಲ ಪ್ರತಿ ರೋಗಿಗೂ ಬೇಕಾದದ್ದು. ಸೂಜಿ ಚುಚ್ಚಿತು ಅಂದರೂ ಎಚ್‌ಐವಿ ತಗಲದಂತೆ 72 ಗಂಟೆಯೊಳಗೆ ಶುರುಮಾಡುವ ಮಾತ್ರೆ ಇದೆ. ಅಕ್ಕನ ರಕ್ತದಲ್ಲಂತೂ ಎಚ್‌ಐವಿ ವೈರಸ್ ಪತ್ತೆಯಾಗದಷ್ಟು ಕಡಿಮೆ ಇದೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ತಪ್ಪು. 'ಕೊನೆಗೆ ನೋಡ್ತೀವಿ' ಅಂತ ಮೂರು ಸಲ ವಾಪಸ್ ಕಳಿಸಿದರೆ ಅದು ನಿರಾಕರಣೆಯೇ.

'ಇವರಿಗೆ ಕೀಮೋ ಎಲ್ಲಿ ತಡೆಯುತ್ತೆ' ಅಂತ ಅಲ್ಲೇ ಒಬ್ಬರು ಅಂದರು, ಅಕ್ಕನಿಗೆ ಕೇಳಿಸುವ ಹಾಗೆ. ತಡೆಯುತ್ತದೆ. ಎಚ್‌ಐವಿಯನ್ನು ಹಿಡಿತದಲ್ಲಿಡುವ ಎಆರ್‌ಟಿ ಮಾತ್ರೆ ಸರಿಯಾಗಿ ತಗೊಳ್ಳುವವರಿಗೆ ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲ ಬೇರೆಯವರಿಗೆ ಕೊಟ್ಟ ಹಾಗೇ ಕೊಡಬಹುದು. ರಿಟೊನಾವಿರ್‌ನಂಥ ಕೆಲವು ಎಚ್‌ಐವಿ ಮಾತ್ರೆಗಳು ಕೆಲವು ಕೀಮೋ ಔಷಧಗಳ ಜೊತೆ ಹೊಂದುವುದಿಲ್ಲ, ಆಗ ಮಾತ್ರೆ ಬದಲಿಸುತ್ತಾರೆ. ಅಕ್ಕ ತಗೊಳ್ಳುವ ಡೊಲುಟೆಗ್ರಾವಿರ್‌ನಿಂದ ಆ ತೊಂದರೆ ಕಡಿಮೆ. ಎಚ್‌ಐವಿ, ಕ್ಯಾನ್ಸರ್ ಎರಡೂ ಕಡೆಯ ಡಾಕ್ಟರು ಒಂದು ಸಲ ಮಾತಾಡಿಕೊಂಡರೆ ಸಾಕು.

ನನ್ನ ಹೊಟ್ಟೆ ಉರಿಯುವುದಕ್ಕೆ ಇನ್ನೊಂದು ಕಾರಣ ಇದೆ. ಇಷ್ಟು ವರ್ಷ ಸಿಕ್ಕಾಗಲೆಲ್ಲ 'ಮಾತ್ರೆ ತಗೊಂಡ್ರಾ ಅಕ್ಕಾ' ಅಂತ ಕೇಳಿದ್ದೇನೆ. ಗರ್ಭಕೋಶದ ಬಾಯಿ ಪರೀಕ್ಷೆ ಮಾಡಿಸಿಕೊಂಡ್ರಾ ಅಂತ ಒಂದು ದಿನವೂ ಕೇಳಲಿಲ್ಲ. ಎಚ್‌ಐವಿ ಇದ್ದವರಿಗೆ 25 ವರ್ಷದಿಂದಲೇ ಶುರುಮಾಡಬೇಕಾದ ಪರೀಕ್ಷೆ ಅದು. ಅಕ್ಕನಿಗೆ ಮುಟ್ಟು ನಿಂತಮೇಲೂ ರಕ್ತ ಹೋಗುತ್ತಿತ್ತಂತೆ, ಆರು ತಿಂಗಳಿಂದ. ನಾಚಿಕೆಗೆ ಹೇಳಿರಲಿಲ್ಲ.

ಭಾನುವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟಿದ್ದೇವೆ. ಎಆರ್‌ಟಿ ಪುಸ್ತಕ, ಮಾತ್ರೆ ಡಬ್ಬಿ ಎರಡನ್ನೂ ಬ್ಯಾಗಿಗೆ ಹಾಕಿದ್ದೇನೆ. ಫೈಲ್ ಮಾತ್ರ ಅಕ್ಕ ಕೊಡಲಿಲ್ಲ. ಹೊಸ ರಟ್ಟು ತಂದುಕೊಡು, ಹಾಕಿ ಕೊಡ್ತೀನಿ ಅಂದರು.