ಕಿಮಿಕೊ ದಾತೆ ಎರಡನೇ ಸಲ ಬಂದಿದ್ದು ಯಾಕೆ ದೊಡ್ಡದು

ಟೆನಿಸ್ ತಾರೆ ಸ್ಟೆಫಿ ಗ್ರಾಫ್ ಅವರ ಒಂದು ಹಳೆಯ ವಿಡಿಯೊ ಆಗಾಗ ನಮ್ಮೆಲ್ಲರ ಫೋನಿಗೂ ಬರುತ್ತಿರುತ್ತೆ. ವಿಂಬಲ್ಡನ್, 1996. ಗ್ರಾಫ್ ಇನ್ನೇನು ಸರ್ವ್ ಮಾಡಬೇಕು, ಅಷ್ಟರಲ್ಲಿ ಜನರ ಮಧ್ಯದಿಂದ ಒಬ್ಬ "ಸ್ಟೆಫಿ, ನನ್ನನ್ನ ಮದುವೆ ಆಗ್ತೀಯಾ?" ಅಂತ ಕೂಗುತ್ತಾನೆ. ಆಕೆ "ನಿನ್ನ ಹತ್ರ ಎಷ್ಟು ದುಡ್ಡಿದೆ?" ಅಂತ ಕೇಳುತ್ತಾರೆ. ಇಡೀ ಕೋರ್ಟು ನಗುತ್ತೆ. ಆಗ ನೆಟ್ಟಿನ ಆಚೆ ಯಾರಿದ್ದರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಅಲ್ಲಿದ್ದವರು ಜಪಾನಿನ ಕಿಮಿಕೊ ದಾತೆ. ಅದು ಸೆಮಿಫೈನಲ್. ಮೊದಲ ಸೆಟ್ 2-6ರಿಂದ ಸೋತು, ಎರಡನೆಯದನ್ನು 6-2ರಿಂದ ಗೆದ್ದಿದ್ದರು. ಆಟ ಅವರ ಕಡೆ ವಾಲಿದ ಹೊತ್ತಿಗೇ ಕತ್ತಲಾಯಿತು, ಪಂದ್ಯ ನಿಂತಿತು. ಮಾರನೇ ದಿನ ಗ್ರಾಫ್ ಮೂರನೇ ಸೆಟ್ 6-3ರಿಂದ ಗೆದ್ದರು. ಆ ದಿನ ಇನ್ನೊಂದು ಗಂಟೆ ಬೆಳಕಿದ್ದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತೆ. ಸುಮ್ನೆ ಹೇಳುತ್ತಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ನಡೆದ ಫೆಡ್ ಕಪ್‌ನಲ್ಲಿ (ದೇಶ ದೇಶಗಳ ನಡುವಿನ ಮಹಿಳಾ ಟೆನಿಸ್ ಟೂರ್ನಿ) ಇದೇ ಗ್ರಾಫ್ ಅವರನ್ನು ದಾತೆ 7-6, 3-6, 12-10ರಿಂದ ಸೋಲಿಸಿದ್ದರು.

1995ರಲ್ಲಿ ವಿಶ್ವದ ನಾಲ್ಕನೇ ರ‍್ಯಾಂಕ್. 1994ರಲ್ಲಿ ಆಸ್ಟ್ರೇಲಿಯನ್ ಓಪನ್, 1995ರಲ್ಲಿ ಫ್ರೆಂಚ್ ಓಪನ್, 1996ರಲ್ಲಿ ವಿಂಬಲ್ಡನ್, ಮೂರರಲ್ಲೂ ಸೆಮಿಫೈನಲ್. ಇಷ್ಟೆಲ್ಲ ಆದ ಮೇಲೆ 1996ರ ಕೊನೆಯಲ್ಲಿ, ಇನ್ನೂ 26ನೇ ವಯಸ್ಸಿನಲ್ಲಿ, ಸಾಕು ಅಂತ ಹೇಳಿ ಹೊರಟುಬಿಟ್ಟರು. ಮದುವೆಯಾದರು. ಮ್ಯಾರಥಾನ್ ಓಡಿದರು.

ಕಥೆ ಇಲ್ಲಿಗೇ ಮುಗಿದಿದ್ದರೂ ಒಳ್ಳೆಯ ಕಥೆಯೇ. ಆದರೆ ನಾನು ಹೇಳಬೇಕು ಅಂತಿರುವುದು ಆಮೇಲಿನದು. 2008ರಲ್ಲಿ, 37ನೇ ವಯಸ್ಸಿನಲ್ಲಿ, ಹನ್ನೊಂದು ವರ್ಷಕ್ಕೂ ಮೇಲೆ ಆಟದಿಂದ ದೂರ ಇದ್ದು, ದಾತೆ ವಾಪಸ್ ಬಂದರು. ಅದೂ ಗಿಫು ಅನ್ನೋ ಊರಿನ ಒಂದು ಸಣ್ಣ ಟೂರ್ನಿಗೆ. ಒಂದು ಕಾಲದ ವಿಶ್ವದ ನಾಲ್ಕನೇ ಆಟಗಾರ್ತಿ ಅರ್ಹತಾ ಸುತ್ತಿನಿಂದ ಆಡಿದರು. ಸಿಂಗಲ್ಸ್‌ನಲ್ಲಿ ಫೈನಲ್ ಮುಟ್ಟಿದರು. ಡಬಲ್ಸ್‌ನಲ್ಲಿ ತಮ್ಮ ಅರ್ಧ ವಯಸ್ಸೂ ಆಗದ ಕುರುಮಿ ನಾರಾ ಜೊತೆ ಸೇರಿ ಗೆದ್ದರು. 2009ರಲ್ಲಿ, ಇನ್ನೇನು 39 ತುಂಬುತ್ತೆ ಅನ್ನುವಾಗ, ಸೋಲ್‌ನಲ್ಲಿ ಡಬ್ಲ್ಯುಟಿಎ (ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆ) ಟ್ರೋಫಿ ಎತ್ತಿದರು. ಓಪನ್ ಯುಗದಲ್ಲಿ, ಅಂದರೆ 1968ರಿಂದ ಈಚೆಗೆ, ಅದಕ್ಕಿಂತ ಜಾಸ್ತಿ ವಯಸ್ಸಿಗೆ ಸಿಂಗಲ್ಸ್ ಗೆದ್ದಿದ್ದವರು ಬಿಲ್ಲಿ ಜೀನ್ ಕಿಂಗ್ ಒಬ್ಬರೇ. 2010ರಲ್ಲಿ ಒಂದು ಕಾಲದ ನಂಬರ್ ಒನ್ ಆಟಗಾರ್ತಿಯರೇ ದಾತೆ ಎದುರು ಸೋತರು: ಫ್ರೆಂಚ್ ಓಪನ್‌ನಲ್ಲಿ ಸಫಿನಾ, ಟೋಕಿಯೊದಲ್ಲಿ ಶರಪೋವಾ.

ಆದರೆ ನಾನು ಮತ್ತೆ ಮತ್ತೆ ನೋಡುವುದು ಅವರು ಸೋತ ಒಂದು ಪಂದ್ಯವನ್ನ. ವಿಂಬಲ್ಡನ್ 2011, ಎರಡನೇ ಸುತ್ತು, ಎದುರಿಗೆ ವೀನಸ್ ವಿಲಿಯಮ್ಸ್. ಹೊರಗೆ ಮಳೆ, ಸೆಂಟರ್ ಕೋರ್ಟಿನ ಚಾವಣಿ ಮುಚ್ಚಿದೆ. ಒಬ್ಬರು ಆರಡಿ ದಾಟಿದವರು, ಇನ್ನೊಬ್ಬರು ಐದು ಅಡಿ ನಾಲ್ಕು ಇಂಚು. ದಾತೆಗೆ ಆಗ 40 ವರ್ಷ. ಅವರ ಸರ್ವ್‌ಗೆ ವೇಗವೇ ಇಲ್ಲ. ಇದ್ದ ಒಂದೇ ಬಂಡವಾಳ ಅಂದರೆ ಚೆಂಡನ್ನು ಹೊಡೆಯುವ ಹೊತ್ತು, ಟೈಮಿಂಗ್. ಚೆಂಡು ನೆಲಕ್ಕೆ ಬಡಿದು ಮೇಲೇಳುತ್ತೆ ನೋಡಿ, ಬೇರೆಯವರು ಅದು ಸೊಂಟದ ಮಟ್ಟಕ್ಕೆ ಬರಲಿ ಅಂತ ಎರಡು ಹೆಜ್ಜೆ ಹಿಂದೆ ಕಾಯುತ್ತಾರೆ. ದಾತೆ ಕಾಯುವುದಿಲ್ಲ. ಬೇಸ್‌ಲೈನಿಗೆ (ಕೋರ್ಟಿನ ಹಿಂದಿನ ಗೆರೆ) ಅಂಟಿಕೊಂಡೇ ನಿಂತು, ಚೆಂಡು ಇನ್ನೂ ಮೊಣಕಾಲ ಹತ್ತಿರ ಇರುವಾಗಲೇ ಮಂಡಿ ಬಗ್ಗಿಸಿ, ಚಿಕ್ಕದಾಗಿ ರಾಕೆಟ್ ಬೀಸಿ, ಚಪ್ಪಟೆಯಾಗಿ ತಳ್ಳಿಬಿಡುತ್ತಾರೆ. ಎದುರಾಳಿ ಎಷ್ಟು ಜೋರಾಗಿ ಹೊಡೆದಿರುತ್ತಾರೋ ಅಷ್ಟೇ ಜೋರಾಗಿ ವಾಪಸ್. ಜೋರು ಎದುರಾಳಿಯದು, ದಿಕ್ಕು ಮಾತ್ರ ದಾತೆಯದು. ಕೂಡಲೇ ನೆಟ್ಟಿಗೆ ಓಡಿ ಬಂದು ವಾಲಿ, ಅಂದರೆ ಚೆಂಡು ನೆಲ ಮುಟ್ಟುವ ಮೊದಲೇ ಹೊಡೆತ.

ಮೊದಲ ಸೆಟ್‌ನಲ್ಲಿ 5-1 ಮುಂದೆ ಇದ್ದರು. ವೀನಸ್ ಸಮ ಮಾಡಿದರೂ ಟೈಬ್ರೇಕ್‌ನಲ್ಲಿ ದಾತೆಯೇ ಗೆದ್ದರು. ಹತ್ತಿರ ಮೂರು ಗಂಟೆ ಆಟ. ಕೊನೆಗೆ ವೀನಸ್ 6-7, 6-3, 8-6. ಐದು ಸಲ ಆ ಕೋರ್ಟಿನಲ್ಲಿ ಚಾಂಪಿಯನ್ ಆದವರು ಗೆಲ್ಲುವುದಕ್ಕೆ ಅಷ್ಟು ಒದ್ದಾಡಬೇಕಾಯಿತು.

"ಕಮ್‌ಬ್ಯಾಕ್ ಮಾಡಿ ಸಾಧಿಸಿದ್ದೇನು, ಸಿಂಗಲ್ಸ್‌ನಲ್ಲಿ ಒಂದು ದೊಡ್ಡ ಟ್ರೋಫಿ ತಾನೆ?" ಅನ್ನುವವರಿದ್ದಾರೆ. ನನಗೆ ಈ ಲೆಕ್ಕ ಒಪ್ಪಿಗೆ ಇಲ್ಲ. ಮೊದಲ ಸಲ ಅವರ ಮೇಲೆ ಇಡೀ ದೇಶದ ನಿರೀಕ್ಷೆ ಇತ್ತು. ಎರಡನೇ ಸಲ ಯಾರೂ ಏನೂ ಕೇಳಿರಲಿಲ್ಲ. ಮೊದಲ ಸುತ್ತಿನಲ್ಲೇ ಸೋತು ಹೋಗುವುದು ಮಾಮೂಲಿ ಆಗಿತ್ತು, ಆದರೂ ಮುಂದಿನ ವಾರ ಇನ್ನೊಂದು ಊರಿಗೆ ಹೋಗಿ ಆಡುತ್ತಿದ್ದರು. 2013ರ ಆಸ್ಟ್ರೇಲಿಯನ್ ಓಪನ್‌ನಲ್ಲಿ 42ನೇ ವಯಸ್ಸಿನಲ್ಲಿ ನಾದಿಯಾ ಪೆಟ್ರೋವಾ ಅವರನ್ನು 6-2, 6-0ರಿಂದ ಮನೆಗೆ ಕಳಿಸಿದ್ದು ಹಾಗೆ ಆಡುತ್ತಾ ಹೋಗಿದ್ದಕ್ಕೇ ಅಲ್ವಾ? ಹೆಣ್ಣುಮಕ್ಕಳಿಗೆ ಮೂವತ್ತು ದಾಟಿದರೆ ಸಾಕು, "ಇನ್ನು ಯಾಕಮ್ಮಾ ಇದೆಲ್ಲ" ಅನ್ನುವವರು ನಮ್ಮಲ್ಲೂ ಕಮ್ಮಿ ಇಲ್ಲ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತೆ, ದಾತೆಯ ಆ 6-0 ನೆನಪಾಗುತ್ತೆ.

ಮಂಡಿಗೆ ಶಸ್ತ್ರಚಿಕಿತ್ಸೆ ಆಗಿ, 2017ರಲ್ಲಿ ಟೋಕಿಯೊದಲ್ಲಿ ಕೊನೆಯ ಪಂದ್ಯ ಆಡಿದರು. ಅಲೆಕ್ಸಾಂಡ್ರಾ ಕ್ರುನಿಚ್ ಎದುರು 0-6, 0-6. ಇಷ್ಟು ದೊಡ್ಡ ಆಟಗಾರ್ತಿ ಹೀಗೆ ಮುಗಿಸಬಾರದಿತ್ತು ಅಂದವರಿದ್ದರು. ಯಾಕೆ ಬಾರದು? ಕೈಲಾಗುವ ತನಕ ಆಡಿದರು, ತಮ್ಮ ಜನರ ಮುಂದೆಯೇ ಆಟ ನಿಲ್ಲಿಸಿದರು.

ಆಮೇಲೂ ಸುಮ್ಮನೆ ಕೂರಲಿಲ್ಲ. ವಾಸೆಡಾ ವಿಶ್ವವಿದ್ಯಾಲಯದಲ್ಲಿ ಓದಿ, ಜಪಾನಿನ ಟೆನಿಸ್ ಕೋರ್ಟ್‌ಗಳ ಮೇಲೆಯೇ ಪ್ರಬಂಧ ಬರೆದರು. ಅಲ್ಲಿ ಮಳೆಗೆ ಅನುಕೂಲ ಅಂತ ಕೃತಕ ಹುಲ್ಲಿನ ಮೇಲೆ ಮರಳು ಹಾಕಿದ ಕೋರ್ಟ್‌ಗಳೇ ಜಾಸ್ತಿ. ಅವುಗಳಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ, ದೊಡ್ಡ ಟೂರ್ನಿಗಳು ನಡೆಯುವುದೂ ಅಂಥ ಕೋರ್ಟ್‌ಗಳಲ್ಲಲ್ಲ. ಮಕ್ಕಳು ಅದರ ಮೇಲೆ ಆಡಿ ಬೆಳೆದರೆ ಹೊರಗೆ ಹೋದಾಗ ತಡವರಿಸುತ್ತಾರೆ, ಅದನ್ನು ಬದಲಾಯಿಸಿ ಅನ್ನುವುದು ಅವರ ವಾದ. ಚೆಂಡು ನೆಲದಿಂದ ಏಳುವ ಆ ಒಂದು ಕ್ಷಣವನ್ನೇ ನಂಬಿ ಗೆದ್ದವರು ಹೇಳುವ ಮಾತು ಅದು. ನಮ್ಮಲ್ಲಿ ಆಟದ ಮೈದಾನ, ಕೋರ್ಟ್ ಕಟ್ಟಿಸುವವರೂ ಆ ಪ್ರಬಂಧವನ್ನ ಒಮ್ಮೆ ಓದಬೇಕು.